ಸಾಲ್ಜ್‌ಬರ್ಗಿನ ದೋಸೆ ಸಾರು

ನಮ್ಮ ಯಜಮಾನರು ಸುಳ್ಳುಗಾರರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಬೇರೆ ಅಭಿಪ್ರಾಯ ಬರಬಹುದು. ಅವರು ಬುರುಡೆ ಬಿಡುವವರು, ಅಷ್ಟೆ. ಸುಳ್ಳು ಹೇಳುವವನಿಗೆ ಏನಾದರೊಂದು ಲಾಭ ಆಗಬೇಕಿರುತ್ತದೆ. ಬುರುಡೆ ಬಿಡುವವನಿಗೆ ಎದುರಿಗೆ ಕೂತವರು ಕಣ್ಣರಳಿಸಿದರೆ ಸಾಕು, ಹೊಟ್ಟೆ ತುಂಬುತ್ತದೆ. ಈ ವ್ಯತ್ಯಾಸ ಅರ್ಥವಾಗಲು ನನಗೆ ಮದುವೆಯಾದ ಮೇಲೆ ಹತ್ತು ವರ್ಷ ಹಿಡಿಯಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಒಂದು ಗಂಟೆ ಡ್ರೈವ್ ಮಾಡಿದರೆ ಸಿಗುವ ಕನ್ನಡದವರೆಲ್ಲ ಸೇರಿದರೂ ಒಂದು ಬೇಸ್‌ಮೆಂಟ್ ತುಂಬುತ್ತಿರಲಿಲ್ಲ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ತೊಗರಿಬೇಳೆ ಬೇಕೆಂದರೆ ಮ್ಯಾನ್‌ಹಟನ್‌ವರೆಗೆ ಹೋಗಬೇಕು. ಸಾರಿನ ಪುಡಿ ಊರಿನಿಂದ ಬಂದದ್ದು ಮುಗಿಯಿತೆಂದರೆ ಮುಗಿಯಿತು. ಹಾಗಾಗಿ ನಮ್ಮ ಮಾತು ನಿಕ್ಸನ್ನಿನಿಂದ ಹೊರಟರೂ ಹಿಮದಿಂದ ಹೊರಟರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಊಟದ ಹತ್ತಿರವೇ.

ಆಗ ಒಂದು ವಸಂತದಲ್ಲಿ ಇವರ ಕಂಪನಿ ಗುಳಿಗೆ ಒತ್ತುವ ಹೊಸ ಯಂತ್ರವೊಂದನ್ನು ನೋಡಿಕೊಂಡು ಬರಲು ಇವರನ್ನು ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗಿಗೆ ಕಳುಹಿಸಿತು. ಮೂರು ವಾರ. ಬೆಟ್ಟದ ಮೇಲೆ ಕೋಟೆ, ಕೆಳಗೆ ನದಿ, ಕಲ್ಲು ಹಾಸಿನ ಬೀದಿ, ಒಟ್ಟಿನಲ್ಲಿ ಪುರಾತನ ಊರು. ನಾನು ಎರಡು ಬೇಬಿಫುಡ್ ಬಾಟಲಿಗಳ ತುಂಬ ಚಟ್ನಿಪುಡಿ ಒತ್ತಿ ತುಂಬಿಸಿ ಪೆಟ್ಟಿಗೆಯಲ್ಲಿಟ್ಟೆ. ಮೂರು ವಾರದ ನಂತರ ಎರಡೂ ಬಾಟಲಿ ಖಾಲಿಯಾಗಿ, ತೊಳೆದು ಒರೆಸಿದ ಸ್ಥಿತಿಯಲ್ಲಿ ವಾಪಸು ಬಂದವು. ಕೇಳಿದರೆ, "ಅಲ್ಲಿ ಇಂಜಿನಿಯರ್ಸ್‌ಗೆಲ್ಲಾ ಟೇಸ್ಟ್ ಮಾಡೋಕೆ ಕೊಟ್ಟೆ ಕಣೆ, ಮುಗಿಬಿದ್ದು ತಿಂದ್ರು" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಸ್ವಲ್ಪ ಯೋಚನೆ ಮಾಡಿದ್ದರೆ ಎಲ್ಲ ಕಥೆಯೂ ಆವತ್ತೇ ಆ ಬಾಟಲಿಯೊಳಗೆ ಕಾಣುತ್ತಿತ್ತು.

ಮುಂದಿನ ತಿಂಗಳ ಕೂಟದಲ್ಲಿ ಇವರು ಸಾಲ್ಜ್‌ಬರ್ಗನ್ನು ಬಿಡಿಸಿಟ್ಟರು. ಕೋಟೆಯ ವಿಷಯ ಎರಡು ನಿಮಿಷ. ಉಳಿದದ್ದೆಲ್ಲ ಹೋಟೆಲುಗಳದ್ದು. ಅಡುಗೆಮನೆಯಿಂದ ಕೈ ಒರೆಸುವ ಟವೆಲ್ ತಂದು ಎಡ ಮುಂಗೈ ಮೇಲೆ ಹಾಕಿಕೊಂಡು ಎದ್ದು ನಿಂತರು. ಸೊಂಟ ಬಗ್ಗಿಸಿದರು. ಅಲ್ಲಿಯ ಮಾಣಿ ಹೀಗೆ ಕರಿ ಕೋಟು, ಕುತ್ತಿಗೆಗೆ ಬೋ ಕಟ್ಟಿಕೊಂಡು ಬರುತ್ತಾನಂತೆ. ಹೀಗೆ ಬಗ್ಗುತ್ತಾನಂತೆ. ಬಗ್ಗಿ, "ಏನು ಅಪ್ಪಣೆ, ಹೆರ್ ಡಾಕ್ಟರ್?" ಎನ್ನುತ್ತಾನಂತೆ. ಕನ್ನಡಕ ಹಾಕಿಕೊಂಡು ಕೈಯಲ್ಲಿ ಚೀಲ ಹಿಡಿದು ಹೋದವರನ್ನೆಲ್ಲ ಡಾಕ್ಟರೇ ಎಂದು ಕರೆಯುವುದು ಅಲ್ಲಿಯ ಮರ್ಯಾದೆ; ಹೆರ್ ಎಂದರೆ ಶ್ರೀಯುತ.

"ನಾನೇನೂ ಹೇಳಿರಲಿಲ್ಲ, ಅವನಾಗಿ ಅವನೇ ಅಂದ" ಎಂದು ಇವರು ಇಲ್ಲಿ ಸ್ವಲ್ಪ ನಿಲ್ಲಿಸುತ್ತಿದ್ದರು.

ಇವರ ಪಿಎಚ್.ಡಿ. ಅರ್ಧಕ್ಕೆ ನಿಂತಿತ್ತು. ಆರು ಅಧ್ಯಾಯಗಳನ್ನು ನಾನೇ ಟೈಪ್ ಮಾಡಿದ್ದೆ. ಏಳನೆಯದು ಬರಲೇ ಇಲ್ಲ; ಕೆಲಸ ಬಂತು, ಮಗು ಬಂತು. ಆ "ಡಾಕ್ಟರ್" ಎನ್ನುವ ಮಾತು ಹೇಳುವಾಗ ಇವರ ಮುಖ ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತಿತ್ತು. ಅದಕ್ಕೇ ನಾನು ಒಂದು ದಿನವೂ ನಡುವೆ ಬಾಯಿ ಹಾಕಲಿಲ್ಲ. ಇಷ್ಟು ಚೆನ್ನಾಗಿ ಮಾಣಿಯ ಪಾತ್ರ ಮಾಡುವ ಮನುಷ್ಯನಿಗೆ ಸ್ವಂತ ಮನೆಯಲ್ಲಿ ತಟ್ಟೆಗಳು ಯಾವ ಕಪಾಟಿನಲ್ಲಿವೆ ಎಂಬುದೇ ಗೊತ್ತಿಲ್ಲ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ.

ಕೊನೆಗೆ ಸಾರಿನ ಪ್ರಸಂಗ. "ಒಂದು ಸೂಪ್ ಕೊಡ್ತಾರೆ ಸಾರ್. ತಿಳಿಯಾಗಿ, ಬಿಸಿಬಿಸಿ, ಥೇಟ್ ನಮ್ಮ ತಿಳಿಸಾರು. ಅದರೊಳಗೆ ದೋಸೆ! ತೆಳ್ಳಗೆ ಹುಯ್ದು, ಸುರುಳಿ ಸುತ್ತಿ, ಶ್ಯಾವಿಗೆ ಥರ ಸಣ್ಣಗೆ ಕತ್ತರಿಸಿ ಹಾಕಿರ್ತಾರೆ. ಒಂದು ಚಮಚ ಬಾಯಿಗೆ ಇಟ್ರೆ ಮೈಸೂರು ಕಣ್ಮುಂದೆ ಬರತ್ತೆ."

ಬೇಸ್‌ಮೆಂಟಿನಲ್ಲಿ ಕೂತವರೆಲ್ಲ ಕಣ್ಣರಳಿಸಿದರು. ಸಾರಿನ ಪುಡಿ ಮುಗಿದು ಎರಡು ತಿಂಗಳಾದವರು ಅಲ್ಲಿ ಎಷ್ಟೋ ಜನ ಇದ್ದರು. ನಾನೂ ಒಬ್ಬಳು.

ಆಗೆಲ್ಲ ವಿಮಾನದ ಟಿಕೆಟ್ಟಿನಲ್ಲಿ ಊರಿಗೆ ಹೋಗುವ ದಾರಿಯಲ್ಲಿ ಯುರೋಪಿನಲ್ಲಿ ಇಳಿದು ಎರಡು ದಿನ ಇದ್ದು ಹೋಗಲು ಬಿಡುತ್ತಿದ್ದರು. ಊರಿಗೆ ಹೊರಟವರೆಲ್ಲ ಇವರನ್ನು ಕೇಳತೊಡಗಿದರು. ಸರಿ, ಇವರು ಹೇಳಿದರು, ನಾನು ಕಾರ್ಬನ್ ಇಟ್ಟು ಟೈಪ್ ಮಾಡಿದೆ: ಸಾಲ್ಜ್‌ಬರ್ಗಿನಲ್ಲಿ ಊಟಕ್ಕೆ ಎಲ್ಲಿ ಹೋಗಬೇಕು. ಮೊದಲನೆಯದೇ ನದಿಯ ಪಕ್ಕದ ಕಮಾನಿನೊಳಗಿನ ಹಳೆಯ ಹೋಟೆಲು, ದೋಸೆ ಸಾರಿನದ್ದು. ಇವರು ಹೇಳಿದ್ದು "ನಮ್ಮ ಸಾರಿನಂತಿರುತ್ತದೆ" ಎಂದಷ್ಟೆ. ಅದರ ಮುಂದೆ "ಪ್ಯೂರ್ ವೆಜಿಟೇರಿಯನ್" ಎಂದು ಸೇರಿಸಿ, ಕೆಳಗೆ ಎರಡು ಗೆರೆ ಎಳೆದವಳು ನಾನು. ಗಂಡ ತಿಂದು ಬಂದಿದ್ದಾನೆ ಎಂದ ಮೇಲೆ ಇನ್ನೇನಿರುತ್ತದೆ? ಹಾಳೆಯನ್ನು ತೋರಿಸಿದೆ. ಇವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಹಾಳೆಯನ್ನು ವಾಪಸು ಕೊಟ್ಟರು.

ಆ ಹಾಳೆ ಹಿಡಿದು ಒಂದೂವರೆ ವರ್ಷದಲ್ಲಿ ಮೂರು ಮನೆಯವರು ಹೋಗಿ ಬಂದರು. ಎಡಿಸನ್ ಎಂಬ ಊರಿನ ಗಂಡ ಹೆಂಡತಿ ಬಂದು, "ನಮ್ಮಮ್ಮ ಮಾಡಿದ ಹಾಗೇ ಇತ್ತು, ನಂಬ್ತೀರಾ?" ಎಂದರು. ನ್ಯೂಯಾರ್ಕಿನ ಕ್ವೀನ್ಸಿನವರು, "ಉಪ್ಪು ಒಂಚೂರು ಮುಂದು, ಮಿಕ್ಕಿದ್ದು ಫಸ್ಟ್ ಕ್ಲಾಸ್" ಎಂದು ತೀರ್ಪು ಕೊಟ್ಟರು. ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಒಬ್ಬ ಬ್ರಹ್ಮಚಾರಿ ಇದ್ದ. ಅವನು ಬಂದು, "ಮೇಲೆ ಹಸಿರು ಉದುರಿಸಿರ್ತಾರೆ. ಕೊತ್ತಂಬರಿ ಅಂದ್ಕೊಂಡೆ. ತಿಂದ್ರೆ ಈರುಳ್ಳಿ ಥರ ಇತ್ತು" ಎಂದ. ಪ್ರತಿ ಸಲವೂ ನಮ್ಮ ಯಜಮಾನರು ಹೆಮ್ಮೆಯಿಂದ ಬೀಗಬೇಕಾಗಿತ್ತು. ಅದರ ಬದಲು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದರು. ಇದು ವಿನಯ ಎಂದು ನಾನು ತಿಳಿದೆ. ವಿನಯ ಇವರ ಹತ್ತಿರ ಯಾವತ್ತೂ ಸುಳಿದಿರಲಿಲ್ಲ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಈ ಕಥೆಯ ಅತ್ಯಂತ ನಿಷ್ಠಾವಂತ ಶ್ರೋತೃ ಒಬ್ಬರು ಅವ್ವ. ಧಾರವಾಡದವರು, ನಮ್ಮ ಗುಂಪಿನ ಒಬ್ಬ ಹೃದಯದ ಡಾಕ್ಟರರ ತಾಯಿ. ಸೊಸೆಯ ಬಾಣಂತನಕ್ಕೆ ಬಂದವರು ಚಳಿಗಾಲ, ವಸಂತ, ಬೇಸಗೆ ಮೂರನ್ನೂ ಇಲ್ಲಿ ಕಳೆದರು. ಬಹಳ ಮಡಿ. ಹೊರಗಡೆ ಹೋಟೆಲಿನಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಕೂಟಕ್ಕೆ ಬಂದರೆ ನೇರ ಅಡುಗೆಮನೆ ಸೇರಿ ಒಗ್ಗರಣೆಗೆ ನಿಲ್ಲುತ್ತಿದ್ದರು. "ಅವ್ವಾ, ನೀವು ಕೂತ್ಕೊಳ್ಳಿ" ಎಂದರೆ, "ನೀವೆಲ್ಲಾ ಮೊದಲ ಉಣ್ರಿ" ಎನ್ನುತ್ತಿದ್ದರು. ನಾವೆಲ್ಲ ಉಂಡು, ಕೈ ತೊಳೆದು, ಎಲೆ ಅಡಿಕೆ ಹುಡುಕುವ ಹೊತ್ತಿಗೆ ಅವರು ಒಲೆಯ ಪಕ್ಕ ನಿಂತೇ ಎರಡು ತುತ್ತು ತಿಂದು ಮುಗಿಸಿರುತ್ತಿದ್ದರು. ಆದರೆ ಇವರ ಸಾಲ್ಜ್‌ಬರ್ಗ್ ಶುರುವಾಯಿತೆಂದರೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವರ ಪ್ರಶ್ನೆ ಯಾವಾಗಲೂ ಒಂದೇ.

"ಅಲ್ಲೋ ತಮ್ಮಾ, ಆ ಕರೀ ಕೋಟಿನಾಂವ ಖರೇನ ಬಗ್ಗಿ ಕೇಳ್ತಾನೇನು?"

"ಬಗ್ಗಿ ಕೇಳ್ತಾನೆ ಅವ್ವಾ" ಎಂದು ಇವರು ಇನ್ನೊಮ್ಮೆ ಬಗ್ಗಿ ತೋರಿಸುತ್ತಿದ್ದರು. ಅವ್ವ ಸೌಟು ಅಲ್ಲಾಡಿಸಿಕೊಂಡು ಒಳಗೆ ಹೋಗುತ್ತಿದ್ದರು. 

ಆ ಬೇಸಗೆಯಲ್ಲಿ ನಮ್ಮ ಸರದಿ ಬಂತು. ಮಗಳನ್ನೂ ಕರೆದುಕೊಂಡು ಮೈಸೂರಿಗೆ ಹೊರಟಿದ್ದೆವು. ಮಧ್ಯೆ ಸಾಲ್ಜ್‌ಬರ್ಗಿನಲ್ಲಿ ಎರಡು ದಿನ ಇಳಿಯೋಣ ಎಂದು ನಾನೇ ಹಠ ಹಿಡಿದೆ. ಇವರು ಇಲ್ಲದ ಸಬೂಬು ಹೇಳಿದರು: ಅಲ್ಲಿ ಮಳೆ, ಹೋಟೆಲಿನಲ್ಲಿ ರೂಮು ಸಿಗುವುದಿಲ್ಲ, ಮಗುವಿಗೆ ಶೀತ ಆಗುತ್ತದೆ. ನಾನು ಕೇಳಲಿಲ್ಲ. ಎರಡು ವರ್ಷದಿಂದ ಕಿವಿಯಲ್ಲಿ ಕೇಳಿದ ಸಾರನ್ನು ಬಾಯಲ್ಲಿ ನೋಡಬೇಕಿತ್ತು.

ಕಮಾನಿನೊಳಗಿನ ಹೋಟೆಲು ಹೇಳಿದ್ದ ಜಾಗದಲ್ಲೇ ಇತ್ತು. ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ತುಂಬ ಜಿಂಕೆಯ ಕೊಂಬುಗಳು. ಪಕ್ಕದ ಮೇಜಿನ ಕೆಳಗೆ ಕರುವಿನಷ್ಟು ದೊಡ್ಡ ನಾಯಿಯೊಂದು ಗಿರಾಕಿಯ ಹಾಗೆ ಹಾಯಾಗಿ ಮಲಗಿತ್ತು. ಯಾರೂ ಅದನ್ನು ಹಚಾ ಎನ್ನುತ್ತಿರಲಿಲ್ಲ. ಮಗಳು ಕುಣಿದಾಡಿದಳು; ನಾನು ಸೆರಗು ಮೇಲೆತ್ತಿಕೊಂಡು ದಾಟಿದೆ. ಜಾಗ ಸಾಲದ್ದರಿಂದ ಒಬ್ಬ ಮುದುಕಿ ಕೂತಿದ್ದ ಮೇಜಿಗೇ ನಮ್ಮನ್ನೂ ಕೂರಿಸಿದರು. ಅಪರಿಚಿತರ ಎದುರು ಕೂತು ತಿನ್ನುವುದು ಅಲ್ಲಿ ಮಾಮೂಲಂತೆ. ಆಕೆ ನಮ್ಮನ್ನು ನೋಡಿ ಏನೋ ಹರಸಿದಂತೆ ಹೇಳಿ, ತಲೆ ಬಗ್ಗಿಸಿ ತನ್ನ ಊಟ ಮುಂದುವರಿಸಿದಳು.

ಒಳಗಿನಿಂದ ಕರಿ ಕೋಟಿನ ಮಾಣಿ ಬಂದ. ವಯಸ್ಸಾದವನು. ಇವರನ್ನು ನೋಡಿದವನೇ ಎರಡೂ ಕೈ ಚಾಚಿ, ಸೊಂಟ ಬಗ್ಗಿಸಿದ. "ಹೆರ್ ಡಾಕ್ಟರ್!"

ನನಗೆ ಆದ ಸಂತೋಷ ಹೇಳತೀರದು. ಅಂದರೆ ಎಲ್ಲಾ ನಿಜ! ಕೋಟು ನಿಜ, ಬಗ್ಗುವುದು ನಿಜ, ಡಾಕ್ಟರ್ ನಿಜ. ಗಂಡನ ಮೇಲೆ ಇಷ್ಟು ದಿನ ಅರೆಮನಸ್ಸಿನ ನಂಬಿಕೆ ಇಟ್ಟಿದ್ದಕ್ಕೆ ನಾಚಿಕೆಯಾಯಿತು. ಇವರು ಮಾತ್ರ ಮೆನುವಿನ ಹಿಂದೆ ಮುಖ ಮರೆಸಿಕೊಂಡಿದ್ದರು.

ಮಾಣಿ ಮುದುಕಿಯತ್ತ ಬಗ್ಗಿ ಇನ್ನೇನು ಬೇಕೆಂದು ಕೇಳಿದ; ನಮ್ಮನ್ನು ಮಾತ್ರ ಕೇಳಲೇ ಇಲ್ಲ. ಗೆದ್ದವನಂತೆ ಒಳಗೆ ಹೋದವನು ಮೂರು ತಟ್ಟೆ ಹಿಡಿದು ಬಂದ. ಮೂರರಲ್ಲೂ ಬೇಯಿಸಿದ ಆಲೂಗಡ್ಡೆ, ಮೇಲೆ ಬೆಣ್ಣೆ. ಇಟ್ಟು, ಕೈ ಕಟ್ಟಿ ನಿಂತು, ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದ: "ಎಲ್ಲಿ, ಆ ಕೆಂಪು ಪುಡಿಯ ಪುಟ್ಟ ಬಾಟಲಿ?"

ಇವರು ಮೆನುವನ್ನು ಇನ್ನೂ ಮೇಲಕ್ಕೆತ್ತಿದರು.

"ಮೂರು ವಾರ, ಎರಡು ಹೊತ್ತು, ಬರೀ ಆಲೂಗಡ್ಡೆ" ಎಂದು ಮಾಣಿ ನನಗೆ ವಿವರಿಸಿದ, ನನ್ನ ಗಂಡ ಯಾವುದೋ ಪದಕ ಗೆದ್ದಿದ್ದಾನೆ ಎಂಬ ಧಾಟಿಯಲ್ಲಿ. "ಪುಡಿ ಉದುರಿಸಿ, ಕಣ್ಣು ಮುಚ್ಚಿ ತಿನ್ನುತ್ತಿದ್ದರು. ನನಗೂ ಒಂದು ದಿನ ಕೊಟ್ಟರು. ಸಂಜೆವರೆಗೂ ನೀರು ಕುಡಿದೆ."

"ಮತ್ತೆ ಸೂಪು?" ಎಂದೆ. ಎದುರಿಗೆ ಮುದುಕಿಯ ಬಟ್ಟಲಲ್ಲಿ ಅದೇ ಇತ್ತು. ತಿಳಿಯಾದ ಸಾರು, ತೇಲುವ ದೋಸೆಯ ಎಳೆಗಳು, ಮೇಲೆ ಸಣ್ಣಗೆ ಹೆಚ್ಚಿದ ಹಸಿರು. ಕೊತ್ತಂಬರಿಯಲ್ಲ, ಈರುಳ್ಳಿಯ ಜಾತಿಯದ್ದು. ಇವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮಾಣಿ ಹೌಹಾರಿದ. "ಅಯ್ಯೋ ಮೇಡಂ, ಅದು ದನದ ಎಲುಬು ಬೇಯಿಸಿ ಮಾಡುವುದು! ಹೆರ್ ಡಾಕ್ಟರ್ ಮೊದಲ ದಿನವೇ ಕೇಳಿದರು, ನಾನು ಹೇಳಿದೆನಲ್ಲ. ಪಾಪ, ಅಂದಿನಿಂದ ಬೇರೆಯವರ ಮೇಜನ್ನು ನೋಡುತ್ತಾ ಕೂರುತ್ತಿದ್ದರು."

ಮಾಣಿ ಹೋಗುವವರೆಗೆ ಕಾದೆ. ಆಮೇಲೆ ಮಾತಾಡಿದೆ.

ಅಲ್ಲಿಯ ಇನ್ನೊಂದು ಪದ್ಧತಿ ಹೇಳಬೇಕು. ನಮ್ಮ ಮೈಸೂರಿನ ಹೋಟೆಲುಗಳಲ್ಲಿ ಕಾಫಿ ಲೋಟ ಕೆಳಗಿಡುವ ಮುಂಚೆ ಬಿಲ್ಲು ಬಂದಿರುತ್ತದೆ, ನಮ್ಮ ಕುರ್ಚಿಯ ಹಿಂದೆ ಮುಂದಿನ ಗಿರಾಕಿ ನಿಂತಿರುತ್ತಾನೆ. ಅಮೆರಿಕದಲ್ಲಿ ನಗುನಗುತ್ತಾ ಬಿಲ್ಲು ಇಟ್ಟು ಹೋಗುತ್ತಾರೆ, ಅರ್ಥ ಒಂದೇ. ಸಾಲ್ಜ್‌ಬರ್ಗಿನಲ್ಲಿ ನೀವಾಗಿ ಕೇಳುವ ತನಕ ಬಿಲ್ಲು ತರುವುದಿಲ್ಲ. ತಂದರೆ ಎದ್ದು ಹೋಗು ಎಂದಂತಾಗುತ್ತದೆ, ಅದು ಅವಮಾನ. ನಮಗಿದು ಗೊತ್ತಿರಲಿಲ್ಲ. ಬಿಲ್ಲು ಬರಲಿ ಎಂದು ನಾವು, ಕೇಳಲಿ ಎಂದು ಅವನು, ಹೀಗೆ ಎರಡು ಗಂಟೆ ಕಳೆಯಿತು. ನಮ್ಮ ಜಗಳಕ್ಕೆ ಅಷ್ಟು ಪುರುಸೊತ್ತು ಅದುವರೆಗೆ ಎಲ್ಲೂ ಸಿಕ್ಕಿರಲಿಲ್ಲ.

"ತಿಂದೆ ಅಂತ ಯಾಕ್ರೀ ಹೇಳಿದ್ರಿ?"

"ತಿಂದೆ ಅಂತ ಶುರು ಮಾಡ್ಲಿಲ್ವೇ. ನೋಡಿದೆ ಅಂತ ಶುರು ಮಾಡ್ದೆ. ಎಲ್ರೂ ಹಾಗೆ ಬಾಯಿಬಿಟ್ಕೊಂಡು ಕೇಳ್ತಿದ್ರಲ್ಲ... ಹೇಳ್ತಾ ಹೇಳ್ತಾ ತಿಂದ್ಬಿಟ್ಟೆ."

"ನಾನು ಪ್ಯೂರ್ ವೆಜಿಟೇರಿಯನ್ ಅಂತ ಟೈಪ್ ಮಾಡಿದ್ದು ನೋಡಿದ್ರಲ್ಲ, ಆಗ?"

"ಇಲ್ಲಿವರೆಗೂ ಯಾರು ಬರ್ತಾರೆ ಅಂದ್ಕೊಂಡೆ. ಬಂದೋರು ಚೆನ್ನಾಗಿತ್ತು ಅಂದ್ಬಿಟ್ರು. ಆಮೇಲೆ ಏನ್ ಹೇಳ್ಲಿ? ನೀವು ಇಂಥದ್ದು ತಿಂದ್ರಿ ಅಂತ ಹೇಳ್ಲಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ, ಅದರ ಜಾಗಕ್ಕೆ ಭಯ ಬಂದು ಕೂತಿತು. ನಾನು ಎರಡು ಗೆರೆ ಎಳೆದ ಹಾಳೆ ನಂಬಿ ಮೂರು ಮನೆಯವರು ಕೆಟ್ಟರಲ್ಲ! ಇವರು ಬುರುಡೆ ಬಿಟ್ಟದ್ದು ಗಾಳಿಯಲ್ಲಿ. ನಾನು ಕಾಗದದ ಮೇಲೆ ಒತ್ತಿದ್ದೆ. ಮೈಸೂರಿನಲ್ಲಿದ್ದ ಒಂದು ತಿಂಗಳೂ ಅಮ್ಮ ಸಾರು ಬಡಿಸಿದಾಗಲೆಲ್ಲ ಆ ಎರಡು ಗೆರೆಗಳೇ ಕಣ್ಮುಂದೆ ಬರುತ್ತಿದ್ದವು.

ವಾಪಸು ಬಂದ ವಾರವೇ ಡಾಕ್ಟರರ ಹೆಂಡತಿಯ ಫೋನು. ಗಣೇಶನ ಹಬ್ಬ ಅವರ ಮನೆಯ ಬೇಸ್‌ಮೆಂಟಿನಲ್ಲಿ, ಎಲ್ಲರೂ ಬರಬೇಕು. ಹಬ್ಬವಾದ ನಾಲ್ಕನೇ ದಿನಕ್ಕೆ ಅವ್ವ ಊರಿಗೆ ಹೊರಡುತ್ತಾರೆ, ಮಗ ಜೊತೆಗೆ ಹೋಗಿ ಬಿಟ್ಟು ಬರುತ್ತಾನೆ. "ಅಮೆರಿಕಾಕ್ಕ ಬಂದು ಏನೂ ಕೇಳ್ಲಿಲ್ಲ ನಮ್ಮತ್ತಿ. ಒಂದು ಕೇಳ್ಯಾರ. ಹೋಗೋ ದಾರ್ಯಾಗ ನಿಮ್ಮನಿಯವ್ರ ಹೇಳೋ ಆ ಹೋಟೆಲಿಗೆ ಹೋಗ್ಬೇಕಂತ. ನೀವು ಟೈಪ್ ಮಾಡಿದ ಹಾಳಿ ಪರ್ಸಿನ್ಯಾಗ ಇಟ್ಕೊಂಡು ಕೂತಾರ."

ಹೊರಗಡೆ ನೀರು ಮುಟ್ಟದ ಹೆಂಗಸು!

ಹಬ್ಬದ ದಿನ ಕಾರಿನಲ್ಲಿ ಇವರು ಒಂದೇ ಸಮನೆ ಅಂಗಲಾಚಿದರು. "ಹೋಟ್ಲು ಮುಚ್ಚಿಹೋಗಿದೆ ಅಂತ ಹೇಳೋಣ ಕಣೆ. ಯಾರಿಗೂ ನೋವಾಗಲ್ಲ."

"ಇನ್ನೊಂದು ಬುರುಡೆ."

"ಇದು ಒಳ್ಳೇ ಬುರುಡೆ. ಅಷ್ಟು ಜನದ ಮುಂದೆ ನನ್ನ ಮಾನ ತೆಗೀಬೇಡ."

ನಿಜ ಹೇಳಬೇಕೆಂದರೆ ಅರ್ಧ ದಾರಿ ಆ ಒಳ್ಳೆಯ ಬುರುಡೆಯ ಪರವಾಗಿಯೇ ಇದ್ದೆ. ಅವ್ವನನ್ನು ಉಳಿಸಿಕೊಳ್ಳಬಹುದು, ಗಂಡನನ್ನೂ ಉಳಿಸಿಕೊಳ್ಳಬಹುದು. ಆದರೆ ಆಗಲೇ ಹೋಗಿ ಬಂದವರ ಮುಖ ನೋಡುವುದು ಹೇಗೆ?

ಪೂಜೆಯಾಯಿತು. ಮಂಗಳಾರತಿ ಆಯಿತು. ಎಲ್ಲರೂ ಕಾಗದದ ತಟ್ಟೆ ಹಿಡಿದು ಕಾರ್ಪೆಟ್ಟಿನ ಮೇಲೆ ಕೂತರು. ಅವ್ವ ಎಂದಿನಂತೆ ನಿಂತು ಕಡುಬು ಬಡಿಸುತ್ತಿದ್ದರು. ನಾನು ಎದ್ದೆ.

"ಎಲ್ಲಾರಿಗೂ ಒಂದು ಮಾತು ಹೇಳ್ಬೇಕು. ಸಾಲ್ಜ್‌ಬರ್ಗಿನ ಲಿಸ್ಟಲ್ಲಿ ಪ್ಯೂರ್ ವೆಜಿಟೇರಿಯನ್ ಅಂತ ಇದ್ಯಲ್ಲ, ಅದನ್ನ ಸೇರಿಸಿದ್ದು ನಾನು..."

"ಕೂತ್ಕೋ ನೀನು" ಎಂದು ನಮ್ಮ ಯಜಮಾನರು ಎದ್ದು ನಿಂತರು. ಈ ಸಲ ಟವೆಲ್ ಇರಲಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿನ ಜೇಬಿಗೆ ಹಾಕಿ ತೆಗೆದರು. "ಆ ಸಾರು ನಾನು ತಿಂದೇ ಇಲ್ಲ. ಅದು ದನದ ಎಲುಬಿಂದ ಮಾಡೋದು, ನಂಗೆ ಮೊದಲನೇ ದಿನವೇ ಗೊತ್ತಿತ್ತು. ಮೂರು ವಾರ ಆಲೂಗಡ್ಡೆ, ಚಟ್ನಿಪುಡಿ ತಿಂದೆ. ನಿಮಗೆ ಹೇಳ್ಲಿಲ್ಲ. ಬೈಯೋದಿದ್ರೆ ನನ್ನ ಬೈಯಿರಿ, ಅವಳನ್ನಲ್ಲ."

ಇವರ ಬಾಯಿಂದ ಇಷ್ಟು ಚಿಕ್ಕ ಕಥೆ ನಾನು ಕೇಳಿದ್ದು ಅದೇ ಮೊದಲು. ನನಗೆ ಅವರ ಮೇಲೆ ಒಮ್ಮೆಲೇ ಬಹಳ ಪ್ರೀತಿ ಬಂತು.

ಕಡುಬು ಕಚ್ಚಿದವರು ಕಚ್ಚಿಕೊಂಡೇ ಇದ್ದರು. ಎಡಿಸನ್ನಿನ ಹೆಂಗಸಿನ ಮುಖ ಬಿಳುಚಿಕೊಂಡಿತ್ತು. ಈಗ ಅಳುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಅವರ ಆರು ವರ್ಷದ ಮಗಳು ತಲೆಯೆತ್ತಿ, ತುಂಬಿದ ಬಾಯಲ್ಲೇ ಸ್ಪಷ್ಟವಾಗಿ ಹೇಳಿದಳು: "ಬಟ್ ಮಾಮ್, ವೀ ನೆವರ್ ಏಟ್ ದೇರ್! ದೇರ್ ವಾಸ್ ಎ ಡಾಗ್! ವೀ ಏಟ್ ಅವಲಕ್ಕಿ ಇನ್ ದ ರೂಮ್!"

ಎಡಿಸನ್ನಿನವರು ಇಂಗು ತಿಂದ ಮಂಗನ ಹಾಗಾದರು. "ಅದು... ನಾಯಿ ನೋಡಿ ಒಳಗೆ ಕಾಲಿಡೋಕೆ ಆಗ್ಲಿಲ್ಲ" ಎಂದು ಗಂಡ ತೊದಲಿದರು. "ಇಷ್ಟು ದೂರ ಹೋಗಿ ತಿನ್ಲಿಲ್ಲ ಅಂದ್ರೆ ನೀವೆಲ್ಲಾ ನಗ್ತೀರ ಅಂತ..."

"ನಿಮ್ಮಮ್ಮ ಮಾಡಿದ ಹಾಗೇ ಇತ್ತು ಅಂದ್ರಿ!" ಎಂದು ನಾನು ಕೂಗಿದೆ. ಸಿಟ್ಟು ಸರಿಯಾಗಿ ವಾಪಸು ಬಂದಿತ್ತು.

"ಗೊಜ್ಜವಲಕ್ಕಿ ಹಾಗೇ ಇತ್ತು" ಎಂದರು ಅವರ ಹೆಂಡತಿ ಸಣ್ಣ ದನಿಯಲ್ಲಿ.

ಎಲ್ಲರೂ ಕ್ವೀನ್ಸಿನವರ ಕಡೆ ತಿರುಗಿದರು. ಅವರು ಒಂದು ಹೆಜ್ಜೆ ಮುಂದೆ. ಮ್ಯೂನಿಕ್‌ನಲ್ಲಿ ರೈಲು ತಪ್ಪಿತಂತೆ, ಸಾಲ್ಜ್‌ಬರ್ಗಿಗೆ ಹೋಗಿಯೇ ಇರಲಿಲ್ಲವಂತೆ. ಉಪ್ಪು ಮುಂದಾದದ್ದು ಎಲ್ಲಿ ಎಂದು ಯಾರೋ ಕೇಳಿದರು. ಆಗ ಶುರುವಾದ ನಗು ಅರ್ಧ ಗಂಟೆ ನಿಲ್ಲಲಿಲ್ಲ. ನಮ್ಮ ಯಜಮಾನರು ಕಣ್ಣೊರೆಸಿಕೊಂಡರು, ಅದು ನಗೆಯ ನೀರೋ ಬೇರೆಯೋ ನನಗೆ ತಿಳಿಯಲಿಲ್ಲ.

ಗಣಿತದ ಬ್ರಹ್ಮಚಾರಿ ಮಾತ್ರ ನಗುತ್ತಿರಲಿಲ್ಲ. ಗಣಪತಿಯನ್ನೇ ದಿಟ್ಟಿಸಿ ನೋಡುತ್ತಿದ್ದ. ಕೊತ್ತಂಬರಿಯಂತೆ ಕಂಡು ಈರುಳ್ಳಿಯಂತೆ ರುಚಿಸುವ ಆ ಹಸಿರು ನಾನು ಮುದುಕಿಯ ಬಟ್ಟಲಲ್ಲಿ ಕಣ್ಣಾರೆ ಕಂಡಿದ್ದೆ. ಇವರ ಕಥೆಯಲ್ಲಿ ಆ ಹಸಿರು ಒಂದು ದಿನವೂ ಬಂದಿರಲಿಲ್ಲ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಹೋಗಿ ಅವನ ತಟ್ಟೆಗೆ ಇನ್ನೆರಡು ಕಡುಬು ಹಾಕಿ ಬಂದೆ. ಆ ವಿಷಯ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಈಗ ಬರೆದಿದ್ದೇನೆ, ಆದರೆ ಅವನು ಯಾರು ಎಂದು ಕೇಳಬೇಡಿ.

ನಗು ಇಳಿದ ಮೇಲೆ ಅವ್ವನ ನೆನಪಾಯಿತು. ಅಡುಗೆಮನೆಗೆ ಓಡಿದೆ. ಅವರು ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದರು.

"ಅವ್ವಾ, ಕ್ಷಮಿಸಿ. ನಿಮಗೆ ಅಷ್ಟು ಆಸೆ ಇತ್ತು. ಆ ಸಾರು ನೀವು ತಿನ್ನೋ ಹಾಗಿಲ್ಲ."

ಅವ್ವ ತಿರುಗಿದರು. "ಸಾರ ಉಣ್ಣಲಿಕ್ಕೆ ಹೊಂಟೇನಿ ಅಂತ ನಿಂಗ ಯಾರು ಹೇಳಿದ್ರವಾ? ನಮ್ಮನ್ಯಾಗ ಸಾರಿಲ್ಲೇನು?"

"ಮತ್ತೆ ಯಾಕವ್ವಾ?"

ಅವರು ಸೌಟನ್ನು ಕೆಳಗಿಟ್ಟರು. "ಹದಿಮೂರು ವರ್ಷದಾಕಿ ಇದ್ದಾಗ ಮದವಿ ಆತು. ಅವತ್ತಿಂದ ಇಪ್ಪತ್ತು ಮಂದಿ ಮನ್ಯಾಗ ಬಡಿಸೇನಿ. ಮಾವಗ, ಮೈದುನರಿಗೆ, ಮಕ್ಕಳಿಗೆ, ಬಂದವರಿಗೆ, ಹೋದವರಿಗೆ. ಏನ್ ಬೇಕ ನಿಂಗ ಅಂತ ಒಬ್ಬರೂ ಕೇಳಿಲ್ಲ. ಕರೀ ಕೋಟು ಹಾಕ್ಕೊಂಡ ಗಂಡಸು ಬಗ್ಗಿ ಕೇಳ್ತಾನಂತ ನಿನ್ನ ಗಂಡ ಹೇಳಿದ. ಅದೊಂದು ಕೇಳಿಸ್ಕೊಂಡು ಬರಬೇಕಾಗೇದ." ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಅದಾದ್ರೂ ಖರೇ ಅದನೋ, ಅದೂ ಬುರುಡಿನೋ?"

"ಅದು ನಿಜ ಅವ್ವಾ. ನಾನೇ ನೋಡಿದೀನಿ."

"ಆಲೂಗಡ್ಡಿ ಸಿಗತಾವಲ್ಲ? ಸಾಕು. ಸುಟ್ಟದ್ದು ಬೇಯಿಸಿದ್ದು ದೇವರು ಕ್ಷಮಿಸ್ತಾನ. ನಂಗೊಂದು ಬಾಟ್ಲಿ ಚಟ್ನಿಪುಡಿ ಮಾಡಿಕೊಡು."

ಆ ರಾತ್ರಿ ಮಲಗುವ ಮೊದಲು ಕಡಲೆಬೇಳೆ ಹುರಿದೆ. ಬೇಬಿಫುಡ್ ಬಾಟಲಿ ತೊಳೆದದ್ದು ಮನೆಯಲ್ಲಿ ಇದ್ದೇ ಇತ್ತು.

ಮೂರು ವಾರದ ಮೇಲೆ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ಬಂತು. ಒಂದು ಮಗ್ಗುಲಲ್ಲಿ ಕೋಟೆ, ಇನ್ನೊಂದರಲ್ಲಿ ನಾಲ್ಕನೇ ತರಗತಿಯವರೆಗೆ ಓದಿದ ಅವ್ವನ ಗುಂಡು ಅಕ್ಷರ, ಅಂಚಿನವರೆಗೆ ಒತ್ತಿ ಒತ್ತಿ ಬರೆದದ್ದು.

"ಮಗಳಿಗೆ ಆಶೀರ್ವಾದ. ನಿಮ್ಮ ಹೋಟೆಲಿಗೆ ಹೋದ್ವಿ. ನಾಯಿ ಇತ್ತು. ಇರಲಿ, ಅದಕ್ಕೂ ಹಸಿವು ಇರ್ತದ. ಮುದುಕ ಬಂದ, ಬಗ್ಗಿದ, ನಂಗ ಫ್ರೌ ಡಾಕ್ಟರ್ ಅಂದ, ಅಂದ್ರ ಡಾಕ್ಟರಮ್ಮ. ಡಾಕ್ಟರ್ ನಾನು ಅನ್ಲಿಕ್ಕೆ ಮಗ ಬಾಯಿ ತಗದ, ಟೇಬಲ್ ಕೆಳಗ ಅವನ ಕಾಲು ತುಳದೆ. ನಿನ್ನ ಪುಡಿ ಹಾಕ್ಕೊಂಡು ಆಲೂಗಡ್ಡಿ ಉಂಡೆ. ಇನ್ನಷ್ಟು ಬೇಕೇನ್ರಿ ಅಂತ ಎರಡು ಸರತೆ ಕೇಳಿದ. ಎರಡು ತಾಸು ಕೂತಿದ್ದೆ. ಯಾರೂ ಏಳು ಅನ್ನಲಿಲ್ಲ."

ಒಲೆಯ ಮೇಲೆ ಚಪಾತಿ ಬೇಯುತ್ತಿತ್ತು. ಒಂದು ಕೈಯಲ್ಲಿ ಕಾರ್ಡು ಹಿಡಿದು ಗಟ್ಟಿಯಾಗಿ ಓದಿದೆ. ಇವರು ಊಟದ ಮೇಜಿನ ಮುಂದೆ ಕೂತು ಕೇಳಿದರು. ಕೇಳಿ, "ಬೆಣ್ಣೆ ಹಾಕಿದ್ರಂತಾ?" ಎಂದರು.

ನಾನು ಒಲೆ ಆರಿಸಿದೆ. ಹೋಗಿ ಅವರ ಎದುರಿನ ಕುರ್ಚಿಯಲ್ಲಿ ಕೂತೆ. "ತಟ್ಟೆ ಇಡ್ರಿ. ಆಮೇಲೆ ಹೇಳ್ತೀನಿ" ಎಂದೆ.

ಇವರು ನನ್ನ ಮುಖ ನೋಡಿದರು, ಕಾರ್ಡಿನ ಕಡೆ ನೋಡಿದರು, ಎದ್ದರು. ಮೊದಲ ಕಪಾಟು ತೆಗೆದರು, ಡಬ್ಬಗಳು. ಎರಡನೆಯದರಲ್ಲಿ ಬಾಣಲೆ. ಮೂರನೆಯದರ ಮುಂದೆ ನಿಂತು ತಿರುಗಿ ನೋಡಿದರು. ಯಾವುದರಲ್ಲಿದೆ ಎಂದು ನಾನು ಹೇಳಲಿಲ್ಲ. ಕೂತೇ ಇದ್ದೆ.